ಗೆರೆ ದಾಟಿದ ಕಾಟ್ಲಾ

ನಾನು ಬಸುರಿ ಎಂದು ಗೊತ್ತಾದ ವಾರದಿಂದ ನಮ್ಮವರು ತೆಂಗಿನಕಾಯಿ ಒಡೆಯುವುದನ್ನು ಬಿಟ್ಟರು. ಬಿಟ್ಟರು ಅನ್ನುವುದಕ್ಕಿಂತ ಬಿಡಿಸಿದರು ಅನ್ನುವುದು ಸರಿ. ಬಸುರಿಯ ಗಂಡ ಕಾಯಿ ಒಡೆಯಬಾರದು, ಬೂದುಗುಂಬಳ ಕುಯ್ಯಬಾರದು, ಹಾವು ಕಂಡರೂ ಕೋಲು ಎತ್ತಬಾರದು, ಕೋಳಿಯ ಕತ್ತು ಮುಟ್ಟಬಾರದು ಎಂದು ಹರದನಹಳ್ಳಿಯಲ್ಲಿ ನಮ್ಮತ್ತೆ ಉಸಿರು ಕಟ್ಟಿ ಒಂದು ಪಟ್ಟಿ ಓದಿದರು. ದೇವಸ್ಥಾನದಲ್ಲಿ ನಮ್ಮವರು ಕಾಯಿಯನ್ನು ಪಕ್ಕದವರ ಕೈಗೆ ಕೊಟ್ಟು "ಸ್ವಲ್ಪ ಒಡ್ದ್ ಕೊಡಿ" ಅಂದರೆ ಸಾಕು, ಊರಿಗೆಲ್ಲ ನನ್ನ ಸುದ್ದಿ ಗೊತ್ತಾಗುತ್ತಿತ್ತು. ನಾನು ಬಾಯಿಬಿಟ್ಟು ಹೇಳುವ ಅಗತ್ಯವೇ ಬೀಳಲಿಲ್ಲ.

"ಅವ್ವ, ಮೀನು?" ಎಂದು ನಮ್ಮವರು ಮೆಲ್ಲಗೆ ಕೇಳಿದರು.

"ಮೀನ್ಗೇನ್ ಜೀವ ಇಲ್ವಾ? ಅದೇನ್ ಬದನಕಾಯ?" ಅಂದರು ಅತ್ತೆ.

ಬೇರೆ ಗಂಡಸರಾಗಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ನಮ್ಮವರಿಗೆ ಗಾಳ ಅಂದರೆ ಪ್ರಾಣ. ಅರಿಶಿನ, ಬಾಳೆ ಬೆಳೆಯುವ ಮನುಷ್ಯ. ಹೊಲಕ್ಕೆ ಅರ್ಧ ಗಂಟೆ ತಡವಾಗಿ ನೀರು ಕಟ್ಟಿದರೂ ಕಟ್ಟಿಯಾರು, ಭಾನುವಾರ ಬೆಳಿಗ್ಗೆ ಯಾವುದಾದರೂ ಒಂದು ನೀರಿನ ಅಂಚಿಗೆ ಹೋಗದೆ ಇರಲಾರರು. ಕೊನೆಗೆ ಅವರೇ ಒಂದು ದಾರಿ ಕಂಡುಕೊಂಡರು. ಹಿಡಿಯುವುದು, ಕಣ್ತುಂಬ ನೋಡುವುದು, ಮತ್ತೆ ನೀರಿಗೆ ಬಿಟ್ಟು ಬರುವುದು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ನನಗೆ ಮಾತ್ರ ಸಾರಿಲ್ಲ.

ನನಗೋ ನಾಲ್ಕನೇ ತಿಂಗಳಿಂದ ಒಂದೇ ಬಯಕೆ. ಕೆರೆಯ ಕಾಟ್ಲಾ ಮೀನಿನ ತಲೆ ಸಾರು, ಬಿಸಿ ಮುದ್ದೆ. ಚಾಮರಾಜನಗರದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವಳು ನಾನು. ರಕ್ತದ ಸೀಸೆಗಳ ನಡುವೆ ಕೂತು ಮೀನಿನ ತಲೆ ನೆನೆದು ಬಾಯಲ್ಲಿ ನೀರೂರಿಸಿಕೊಂಡಿದ್ದೇನೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ನಮ್ಮವರು ಪೇಟೆಯಿಂದ ಮೀನು ತಂದುಕೊಟ್ಟರು, ಇಲ್ಲ ಅನ್ನುವುದಿಲ್ಲ. ಆದರೆ ಅದು ದೂರದಿಂದ ಲಾರಿಯಲ್ಲಿ ಐಸಿನ ಮೇಲೆ ಮಲಗಿ ಬಂದ ಮೀನು. ತಿಂದರೆ ಮೊದಲು ಐಸು, ಆಮೇಲೆ ಹುಣಸೆಹುಳಿ, ಕೊನೆಗೆ ಎಲ್ಲೋ ಸ್ವಲ್ಪ ಮೀನು.

ಏಳು ತಿಂಗಳಿಗೆ ಮಡಿಲು ತುಂಬಿ ನನ್ನನ್ನು ಹೆರಿಗೆಗೆ ತವರಿಗೆ ಕಳಿಸಿದರು. ನನ್ನ ತವರು ಗುಂಡ್ಲುಪೇಟೆ ಕಡೆಯ ಭೀಮನಬೀಡು. ಹಿತ್ತಲು ದಾಟಿದರೆ ಕೆರೆ ಏರಿ. ನಮ್ಮವರು ಪ್ರತಿ ಶನಿವಾರ ಸಂಜೆ ಹರದನಹಳ್ಳಿಯಿಂದ ಬೈಕ್ ಹತ್ತಿ ಚಾಮರಾಜನಗರ, ತೆರಕಣಾಂಬಿ, ಗುಂಡ್ಲುಪೇಟೆ ಎಲ್ಲವನ್ನೂ ದಾಟಿಕೊಂಡು ಬರುತ್ತಿದ್ದರು. ಬೈಕಿನ ಪಕ್ಕಕ್ಕೆ ಉದ್ದದ ಒಂದು ಚೀಲ ಕಟ್ಟಿರುತ್ತಿತ್ತು. ಅದರೊಳಗೆ ಆನ್‌ಲೈನಿನಲ್ಲಿ ತರಿಸಿದ ರೀಲಿನ ಗಾಳದ ಕೋಲು. "ಬರೋದು ನನ್ನ ನೋಡಾಕೋ, ಕೆರೆ ನೋಡಾಕೋ?" ಎಂದು ನಾನು ಕೇಳಿದರೆ, "ಎರಡೂ ಒಂದೇ ಊರಲ್ಲಿ ಇದ್ರ ನಾನೇನ್ ಮಾಡನ?" ಅನ್ನುತ್ತಿದ್ದರು.

ನಮ್ಮ ಕೆರೆಯ ತೂಬಿನ ಪಕ್ಕದಲ್ಲಿ ಒಂದು ಉದ್ದನೆಯ ಚಪ್ಪಡಿ ಕಲ್ಲಿದೆ. ಆ ಕಲ್ಲಿನ ವಿಷಯ ಹೇಳದಿದ್ದರೆ ಈ ಕತೆ ಅರ್ಥವಾಗುವುದಿಲ್ಲ. ಗಾಳ ಹಾಕುವವರಿಗೆ ಯಾರಿಗಾದರೂ ದೊಡ್ಡ ಮೀನು ಸಿಕ್ಕರೆ ಅದನ್ನು ಆ ಕಲ್ಲಿನ ಮೇಲೆ ಮಲಗಿಸುತ್ತಾರೆ. ಬಾಯಿ ಕಲ್ಲಿನ ಎಡ ಅಂಚಿಗೆ ಬರಬೇಕು. ಬಾಲದ ತುದಿ ಎಲ್ಲಿಗೆ ಬರುತ್ತದೋ ಅಲ್ಲಿ ಮೊಳೆಯಿಂದ ಒಂದು ಗೆರೆ. ಹೆಸರು ಬರೆಯುವುದಿಲ್ಲ, ಯಾವ ಗೆರೆ ಯಾರದೆಂದು ಎಲ್ಲರಿಗೂ ಗೊತ್ತು. ಆದರೆ ಅಳತೆಯೊಂದೇ ಸಾಲದು. ಆ ಮೀನನ್ನು ಅಲ್ಲೇ ಏರಿಯ ಮೇಲೆ ಕುಯ್ದು, ಇದ್ದವರಿಗೆಲ್ಲ ಒಂದೊಂದು ತುಂಡಾದರೂ ಹಂಚಬೇಕು. ಆಮೇಲೆ ಗೆರೆ. ತಿಂದವನೇ ಸಾಕ್ಷಿ. ನೀರಿಗೆ ಮರಳಿದ ಮೀನಿಗೆ ಲೆಕ್ಕವಿಲ್ಲ. ಮೊಬೈಲ್ ಬಂದ ಮೇಲೆ ಯಾರೋ ಒಬ್ಬರು ಫೋಟೋ ತೋರಿಸಿ ಗೆರೆ ಕೇಳಿದರಂತೆ. ಮೀನನ್ನು ಕ್ಯಾಮೆರಾದ ಮೂಗಿನ ಹತ್ತಿರ ಹಿಡಿದು ತೆಗೆದ ಫೋಟೋ, ಅಂಗೈಯಷ್ಟಿದ್ದ ಮೀನು ಎಮ್ಮೆಕರುವಿನಷ್ಟು ಕಾಣುತ್ತಿತ್ತಂತೆ. ಅಂದಿನಿಂದ ಫೋಟೋಗೆ ಏರಿಯ ಮೇಲೆ ಮರ್ಯಾದೆ ಹೋಯಿತು.

ಆ ಕಲ್ಲಿನ ಮೇಲೆ ಎಲ್ಲಕ್ಕಿಂತ ಆಚೆಗಿನ ಗೆರೆ ನಮ್ಮಪ್ಪನದು. ನಾನು ಹುಟ್ಟುವುದಕ್ಕೂ ಮೊದಲಿನದು. ನಡುವೆ ಎಷ್ಟೋ ವರ್ಷ ಕೆರೆ ಬತ್ತಿ ಹುಡುಗರು ಕ್ರಿಕೆಟ್ ಆಡುವ ಬಯಲಾಗಿತ್ತು, ಗೆರೆ ದಾಟುವವರು ಎಲ್ಲಿಂದ ಬರಬೇಕು? ಈಗ ಪೈಪಿನಲ್ಲಿ ಹೊಳೆ ನೀರು ತಂದು ಕೆರೆ ತುಂಬಿಸಿದ ಮೇಲೆ, ಮರಿ ಬಿಟ್ಟ ಮೇಲೆ, ಮೀನು ಮತ್ತೆ ಬೆಳೆದವು. ವಿಚಿತ್ರವೆಂದರೆ ಅಪ್ಪ ಆ ಗೆರೆ ಎಳೆದ ಮೇಲೆ ಗಾಳ ಮುಟ್ಟಲೇ ಇಲ್ಲ. ದಿನವೂ ಏರಿಗೆ ಹೋಗುತ್ತಾನೆ, ಬೀಡಿ ಹಚ್ಚುತ್ತಾನೆ, ನೀರಿನ ಮೇಲೆ ಬೇರೆಯವರ ಗಾಳದ ಬೆಂಡು ಅಲುಗಾಡಿದರೆ "ಈಗ್ಲೇ ಎಳೀಬ್ಯಾಡ" ಎಂದು ಹೇಳುತ್ತಾನೆ. ತಾನು ಮಾತ್ರ ಹಾಕುವುದಿಲ್ಲ. ಗೆದ್ದವನಿಗೆ ಗತ್ತು ಎಂದು ಊರು ಆಡಿಕೊಳ್ಳುತ್ತಿತ್ತು. ನಾನೂ ಹಾಗೇ ತಿಳಿದಿದ್ದೆ.

ಮದುವೆಯಾಗಿ ಬಂದ ಮೂರು ವರ್ಷದಿಂದ ನಮ್ಮವರು ಆ ಏರಿಯ ಮೇಲೆ ನಗೆಪಾಟಲು. ಉಳಿದವರೆಲ್ಲ ಬಿದಿರು ಕೋಲು, ಎರೆಹುಳ ಹಿಡಿದು ಕೂತರೆ ಇವರದು ಹೊಳೆಯುವ ರೀಲು. "ರೀಲ್ ಅಳೀಮಯ್ಯ ಬಂದ್ರು, ಜಾಗ ಬುಡ್ರಲಾ" ಎಂದು ಛೇಡಿಸುತ್ತಿದ್ದರು. ನಮ್ಮವರೂ ನಗುತ್ತಿದ್ದರು. ಆದರೆ ಏರಿಯಿಂದ ಇಳಿಯುವಾಗ ಆ ಕಲ್ಲಿನ ಹತ್ತಿರ ಒಂದು ಗಳಿಗೆ ನಿಂತು ಅಪ್ಪನ ಗೆರೆಯ ಮೇಲೆ ಬೆರಳಾಡಿಸುವುದನ್ನು ನಾನು ನೋಡಿದ್ದೆ. ಬಾಯಿಬಿಟ್ಟು ಹೇಳಿದವರಲ್ಲ. ಆ ಕಲ್ಲಿನ ಮೇಲೆ ತನ್ನದೂ ಒಂದು ಗೆರೆ ಬೇಕು, ಅದು ಮಾವನ ಗೆರೆಗಿಂತ ಆಚೆ ಇರಬೇಕು ಎಂಬ ಆಸೆ ಅವರಿಗೆ ಎಷ್ಟಿತ್ತೆಂದು ನನಗೊಬ್ಬಳಿಗೆ ಗೊತ್ತಿತ್ತು.

ನನಗೆ ಎಂಟು ತಿಂಗಳು ನಡೆಯುತ್ತಿದ್ದಾಗ ಒಂದು ಭಾನುವಾರ, ಬಿಸಿಲು ಇನ್ನೂ ಏರುತ್ತಿದ್ದ ಹೊತ್ತು. ನಾನು ಜಗುಲಿಯಲ್ಲಿ ಕಾಲು ಚಾಚಿ ಕಾಫಿ ಕುಡಿಯುತ್ತಿದ್ದೆ. ಏರಿಯಿಂದ ನಮ್ಮವರ ಫೋನ್ ಬಂತು.

"ಅಮ್ಮಿ, ಏರಿಗ ಬಾ."

"ಯಾಕ್ರೀ? ಏನಾಯ್ತು?"

"ಬಾ ಅಂದ್ರ ಬಾ. ನಿಧಾನುಕ್ ಬಾ."

ಅವ್ವ ಒಳಗಿಂದಲೇ "ತುಂಬಿದ್ ಬಸ್ರಿಗ ಏರಿ ಮ್ಯಾಲೇನ್ ಕೆಲ್ಸ?" ಎಂದು ಕೂಗಿದಳು. ನಾನು ಕೇಳಿಸದವಳ ಹಾಗೆ ಹಿತ್ತಲ ಗೋಡೆ ಹಿಡಿದು ನಡೆದೆ.

ಏರಿಯ ಮೇಲೆ ಆರೇಳು ಜನ ಸೇರಿದ್ದರು. ನಮ್ಮವರು ಪ್ಯಾಂಟು ಮಡಚಿ ಮೊಣಕಾಲಿನವರೆಗೆ ನೀರಿನಲ್ಲಿ ನಿಂತಿದ್ದರು. ಅವರ ಕೈಯ ಬಲೆಚೀಲದೊಳಗೆ ಏನೋ ಒಂದು ನಿಧಾನವಾಗಿ ಕಿವಿರು ತೆರೆದು ಮುಚ್ಚುತ್ತಿತ್ತು. ಮೊದಲು ನನಗೆ ಕಂಡದ್ದು ತಲೆ. ನಮ್ಮನೆಯ ಮುದ್ದೆ ಪಾತ್ರೆಯಷ್ಟು ದಪ್ಪನೆಯ ತಲೆ. ಅಷ್ಟು ದೊಡ್ಡ ಕಾಟ್ಲಾವನ್ನು ನಾನು ಯಾವ ಅಂಗಡಿಯಲ್ಲೂ ಕಂಡಿರಲಿಲ್ಲ.

"ಇನ್ನೊಂದ್ ಕಿತ ಅಳೀರ್ಲಾ, ಅಮ್ಮಿ ನೋಡ್ಲಿ" ಅಂದರು ಯಾರೋ. ಕಲ್ಲಿನ ಮೇಲೆ ನೀರು ಸುರಿದು, ಒದ್ದೆ ಗೋಣಿ ಹಾಸಿ, ಇಬ್ಬರು ಮೀನನ್ನು ಎತ್ತಿ ಮಲಗಿಸಿದರು. ಬಾಯಿ ಎಡ ಅಂಚಿಗೆ. ಬಾಲ ಅಪ್ಪನ ಗೆರೆಯನ್ನು ದಾಟಿ ಮೂರು ಬೆರಳು ಆಚೆ. ಒಂದಲ್ಲ ಎರಡಲ್ಲ, ಮೂರು ಬೆರಳು. ನೋಡಿದ ತಕ್ಷಣ ಮತ್ತೆ ನೀರಿನ ಬಲೆಚೀಲಕ್ಕೆ ಇಳಿಸಿದರು. ನಮ್ಮವರ ಮುಖ ನೋಡಬೇಕಿತ್ತು. ಎಸೆಸೆಲ್ಸಿ ಪಾಸಾದ ಹುಡುಗನ ಮುಖ.

ಈಗ ಪ್ರಶ್ನೆ ಬಂತು. ಕುಯ್ದರೆ ಗೆರೆ, ಬಿಟ್ಟರೆ ಏನೂ ಇಲ್ಲ. ಆದರೆ ಬಸುರಿಯ ಗಂಡ ಕತ್ತಿ ಹಿಡಿಯುವ ಹಾಗಿಲ್ಲ.

ಏರಿಯ ಮೇಲೆ ಹಿರಿಯನಾದ ಒಬ್ಬ ಅಜ್ಜ ಆಗಲೇ ಮಚ್ಚನ್ನು ಕಲ್ಲಿಗೆ ಮಸೆಯುತ್ತಿದ್ದ. "ಅದಕ್ಯಾಕ ತಲ ಕೆಡಿಸ್ಕತಿರಿ? ಗುಡೀಲಿ ಕಾಯ ಪಕ್ಕದೋರ್ ಕೈಲಿ ಒಡಸ್ತಿರಲ್ವಾ, ಇದೂ ಅಂಗೆಯ. ಇಡ್ದೋರು ಅಳೀಮಯ್ಯ, ಕುಯ್ಯೋನ್ ನಾನು. ಪಾಪ ಬಂದ್ರ ನಂಗ್ ಬರ್ಲಿ. ನಂಗ ಈ ವಯಸ್ಸಲ್ಲಿ ಯಾವ್ ಬಸ್ರಿ ಅವ್ಳೆ?" ಅಂದ. ಎಲ್ಲರೂ ನಕ್ಕರು. ದಾರಿ ಸರಿಯಾಗಿಯೇ ಇತ್ತು. ಕಾಯಿಗೆ ನಡೆಯುವ ನ್ಯಾಯ ಮೀನಿಗೆ ಯಾಕೆ ನಡೆಯಬಾರದು?

ನಮ್ಮವರು ನನ್ನ ಮುಖ ನೋಡಿದರು. "ನೀ ಏನಂತಿ?"

ನಾನು ಏನು ಅನ್ನುವುದು? ದೊಡ್ಡತನದ ಮಾತೇನೂ ನನಗೆ ಹೊಳೆಯಲಿಲ್ಲ. ಆ ತಲೆ ಅವ್ವನ ಯಾವ ಪಾತ್ರೆಗೆ ಹಿಡಿಸುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ. ನಮ್ಮವರಿಗೆ ಗೆರೆ, ನನಗೆ ಸಾರು. "ಕುಯ್ರಿ" ಅನ್ನಲು ಬಾಯಿ ತೆರೆದಿದ್ದೆ.

"ಬುಟ್ಬುಡಿ ಅಳೀಮಯ್ಯ" ಅಂದದ್ದು ಅಪ್ಪ. ಎಲ್ಲರಿಗಿಂತ ಹಿಂದೆ, ಬೀಡಿಯಿಲ್ಲದೆ ನಿಂತಿದ್ದ.

ಅಜ್ಜ ಮಸೆಯುವುದನ್ನು ನಿಲ್ಲಿಸಿದ. "ಯಾಕ್ಲಾ, ನಿನ್ ಗೆರ ಓಯ್ತದ ಅಂತ್ಲಾ?"

ಮತ್ತೆ ನಗು. ನನ್ನ ನಾಲಿಗೆ ಮೊದಲೇ ಸ್ವಲ್ಪ ಉದ್ದ, ಆ ನಗು ಅದಕ್ಕೆ ಇನ್ನಷ್ಟು ಕುಮ್ಮಕ್ಕು ಕೊಟ್ಟಿತು. "ಇಷ್ಟ್ ವರ್ಸ ಮೆರ್ದದ್ ಸಾಲ್ದಾ ಅಪ್ಪ? ಅಳಿಯಂಗ ಮೂರ್ ಬೆರ್ಳು ಬುಟ್ಕೊಡಾಕ್ಕೂ ಒಟ್ಟ ಉರೀತದಾ?" ಅಂದುಬಿಟ್ಟೆ. ಅಷ್ಟು ಜನರ ಮುಂದೆ, ಹೆತ್ತ ಅಪ್ಪನಿಗೆ.

ಅಪ್ಪ ಸಿಟ್ಟಾಗಲಿಲ್ಲ. "ಇತ್ತಗ್ ಬಾ ಕಣಮ್ಮಿ" ಎಂದು ನನ್ನನ್ನು ಹೊಂಗೆ ಮರದ ಕೆಳಗೆ ಕರೆದುಕೊಂಡು ಹೋದ.

"ಆ ಮೀನ್ ಇಡ್ದಾಗ ನಿಮ್ಮವ್ವುಂಗ ಎಂಟ್ ತಿಂಗ್ಳು" ಅಂದ.

"ನಾನು ಹೊಟ್ಟೇಲಿದ್ನಾ?"

"ನೀನಲ್ಲ. ನಿಂಗಿಂತ ಮೊದ್ಲದು." ಹೊಂಗೆಯ ಒಂದು ಎಲೆ ಕಿತ್ತು ಮಡಚಿದ. "ನಾನೂ ಕುಯ್ಲಿಲ್ಲ ಕಣಮ್ಮಿ. ಬ್ಯಾರೇರ್ ಕೈಲೇ ಕುಯ್ಸ್ದೆ. ಇಂಗೆಯ, ಎಲ್ಲ ನಗಾಡ್ಕಂಡು. ಇಪ್ಪತ್ ದಿನ ಆಗಿತ್ತು, ಅಷ್ಟೆಯ. ಕೂಸು ಅಳ್ಲೇ ಇಲ್ಲ."

ನನಗೊಬ್ಬ ಅಣ್ಣ ಹುಟ್ಟಿ ಉಸಿರಾಡದೆ ಹೋದನೆಂದು ನನಗೆ ಗೊತ್ತಿತ್ತು. ಸೋದರತ್ತೆ ಯಾವಾಗಲೋ ಹೇಳಿದ್ದಳು. ಮನೆಯಲ್ಲಿ ಆ ಮಾತು ಯಾರೂ ಎತ್ತುತ್ತಿರಲಿಲ್ಲ. ಆದರೆ ಕಲ್ಲಿನ ಗೆರೆಗೂ ಆ ಕೂಸಿಗೂ ಅಪ್ಪ ಒಳಗೊಳಗೇ ಗಂಟು ಹಾಕಿಕೊಂಡಿದ್ದಾನೆಂದು ಹೇಗೆ ಗೊತ್ತಾಗಬೇಕು? ಊರೆಲ್ಲ ಅವನ ಗತ್ತು ಅಂದುಕೊಂಡದ್ದು ಇದನ್ನು.

"ಅಪ್ಪ, ಅವ್ವುಂಗ ಬಿ.ಪಿ. ಏರಿತ್ತಂತ. ಕಾಲೆಲ್ಲ ಊದಿತ್ತಂತ. ದಿನಾ ಅಂಥವ್ರ ರಿಪೋರ್ಟ್ ನೋಡೋಳು ನಾನು. ಮೀನಿಂದ ಅಂಗೆಲ್ಲ ಆಗಲ್ಲ" ಅಂದೆ.

"ಗೊತ್ತು. ಆವತ್ತೇ ಡಾಕ್ಟ್ರಮ್ಮ ಯೋಳಿದ್ರು. ತಲಗ್ ಗೊತ್ತದ ಕಣಮ್ಮಿ, ಕೈಗ್ ಗೊತ್ತಿಲ್ಲ. ಗಾಳ ಮುಟ್ಟನ ಅಂದ್ರ ಕೈಯೇ ಓಗಲ್ಲ."

ಹೊಟ್ಟೆಯುರಿ ಅಂದಿದ್ದೆನಲ್ಲ. ಆ ಮನುಷ್ಯ ನನ್ನ ಹೊಟ್ಟೆಯನ್ನು ನೋಡಿ ಹೆದರಿದ್ದ.

ತಿರುಗಿ ನೋಡಿದರೆ ಎಲ್ಲರೂ ನಮ್ಮನ್ನೇ ಕಾಯುತ್ತಿದ್ದಾರೆ. ಅಪ್ಪನ ಮಾತಿಗೆ ಬಿಟ್ಟೆವು ಅಂದರೆ ಸಂಜೆಯೊಳಗೆ ಅವನ ಹೊಟ್ಟೆಕಿಚ್ಚಿನ ಕತೆ ಊರು ಸುತ್ತುತ್ತದೆ. ನಿಜ ಹೇಳಿದರೆ ಇಷ್ಟು ವರ್ಷ ಮುಚ್ಚಿಟ್ಟದ್ದು ಬೀದಿಗೆ ಬರುತ್ತದೆ. ನಮ್ಮವರೇ ಬಿಟ್ಟರೆ ಹೆಂಡತಿಗೆ ಹೆದರಿದ ರೀಲ್ ಅಳಿಯ. ಆಗ ನನಗೆ ನನ್ನ ಹೊಟ್ಟೆಯ ನೆನಪಾಯಿತು. ಬಸುರಿಯ ಬಯಕೆಗೆ ಇಲ್ಲ ಅನ್ನುವ ಗಂಡಸು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಬಯಕೆ ತೀರಿಸದಿದ್ದರೆ ಮಗುವಿನ ಕಿವಿ ಸೋರುತ್ತದೆಂದು ಎಲ್ಲರೂ ಹೆದರುತ್ತಾರೆ.

ಸೊಂಟದ ಮೇಲೆ ಕೈಯಿಟ್ಟುಕೊಂಡು ಹೋಗಿ ನಿಂತೆ. "ನಂಗೊಂದ್ ಬಯಕ ಆಯ್ತಾ ಅದ" ಅಂದೆ.

"ತಲ ಸಾರಾ?" ಅಜ್ಜ ಮಚ್ಚು ಎತ್ತಿಕೊಂಡ.

"ಅಲ್ಲ. ಇದು ನೀರೊಳಕ್ ಓಗೋದ ನೋಡ್ಬೇಕು. ಈಗ್ಲೇ."

"ಇದೆಂತಾ ಬಯಕ ಕಣಮ್ಮಿ!" ಅಂದ ಅಜ್ಜ.

"ಬಯಕ ಇಂತದ್ದೇ ಆಗ್ಬೇಕು ಅಂತ ರೂಲ್ಸ್ ಅದ್ಯಾ ತಾತ? ನಾಳ ಕೂಸಿನ್ ಕಿವಿ ಸೋರುದ್ರ ನೀ ಬಂದು ಅತ್ತಿ ಇಡ್ತಿಯಾ?"

ಅಜ್ಜ ಮಚ್ಚನ್ನು ಕೆಳಗಿಟ್ಟ. (ಅಂದ ಹಾಗೆ ಮಗಳಿಗೆ ಈಗ ಎರಡು ವರ್ಷ. ಕಿವಿ ಚೆನ್ನಾಗಿಯೇ ಇದೆ, ಹೇಳಿದ ಮಾತು ಮಾತ್ರ ಕೇಳುವುದಿಲ್ಲ.)

ನಮ್ಮವರು ನನ್ನನ್ನು ನೋಡಿದರು, ಹಿಂದೆ ಮರದ ಕೆಳಗೆ ನಿಂತಿದ್ದ ಅಪ್ಪನನ್ನು ನೋಡಿದರು, ಕಲ್ಲಿನ ಕಡೆಗೆ ಒಂದೇ ಒಂದು ಸಲ ನೋಡಿದರು. ಬಲೆಚೀಲ ಹಿಡಿದುಕೊಂಡು ತೊಡೆ ಮುಳುಗುವ ನೀರಿಗೆ ಇಳಿದರು. ಚೀಲದಿಂದ ಮೀನನ್ನು ತೆಗೆದು, ಹೊಟ್ಟೆಯ ಕೆಳಗೆ ಎರಡೂ ಕೈ ಕೊಟ್ಟು, ಮುಂದಕ್ಕೆ ಹಿಂದಕ್ಕೆ ಮೆಲ್ಲಗೆ ಆಡಿಸಿದರು. ಎಳೆಗೂಸಿಗೆ ನೀರು ಹಾಕುವಾಗ ಹಿಡಿಯುತ್ತಾರಲ್ಲ, ಹಾಗೆ. ಬಹಳ ಹೊತ್ತು ಅದು ವಾಲಿಕೊಂಡೇ ಇತ್ತು. ಸತ್ತೇ ಹೋಗುತ್ತದೇನೋ ಎಂದು ನನಗೆ ಭಯವಾಯಿತು. ಅಪ್ಪ ಬಂದು ನನ್ನ ಪಕ್ಕದಲ್ಲಿ ನಿಂತಿದ್ದ, ಅವನ ಉಸಿರು ನನಗೆ ಕೇಳಿಸುತ್ತಿತ್ತು. ಆಮೇಲೆ ಬಾಲ ಒಂದು ಸಲ ಅಲುಗಿತು. ಇನ್ನೊಂದು ಸಲ ಅಲುಗಿದಾಗ ನಮ್ಮವರ ಮುಖಕ್ಕೆ ಫಟ್ಟನೆ ನೀರು ಹೊಡೆದು, ಅವರ ಕೈಯಿಂದ ಜಾರಿ, ಕಾಣದಾಯಿತು.

"ಓಯ್ತು" ಅಂದರು ನಮ್ಮವರು. ಮುಖ ಒರೆಸಿಕೊಳ್ಳಲಿಲ್ಲ.

ಹಿತ್ತಲ ದಾರಿಯಲ್ಲಿ ಬರುವಾಗ ನಾನೇ ಕೇಳಿದೆ, "ಬೇಜಾರಾಯ್ತಾ?"

"ಆಯ್ತು. ಮೂರ್ ಬೆರ್ಳು ಕಣಮ್ಮಿ!" ಅಂದರು. ಆಮೇಲೆ, "ಮಾವ ಇವತ್ತು ಏರಿ ಮ್ಯಾಲ ಒಂದ್ ಬೀಡೀನೂ ಸೇದ್ಲಿಲ್ಲ. ಯಾಕ ಅಂತ ಗೊತ್ತಿಲ್ಲ. ಅದ ನೋಡ್ದ ಮ್ಯಾಲ ನಂಗೂ ಬ್ಯಾಡ ಅನ್ನುಸ್ತು" ಅಂದರು.

ನಾನು ಅವರನ್ನು ದಾರಿಯಲ್ಲೇ ನಿಲ್ಲಿಸಿ ಎಲ್ಲವನ್ನೂ ಹೇಳಿದೆ. ನಮ್ಮವರು ಮನೆಗೆ ಬಂದು ಒದ್ದೆ ಪ್ಯಾಂಟು ಬದಲಾಯಿಸಿ, "ನಿನ್ ನಿಜವಾದ್ ಬಯಕ ತಕ್ಕಬತ್ತಿನಿ" ಎಂದು ಬೈಕ್ ಹತ್ತಿ ಗುಂಡ್ಲುಪೇಟೆಗೆ ಹೋದರು. ಅಂಥ ಗಂಡನನ್ನು ಕಟ್ಟಿಕೊಂಡದ್ದಕ್ಕೆ ಆ ದಿನ ನನಗೆ ಬಹಳ ಹೆಮ್ಮೆಯಾಯಿತು, ಅವರಿಗೆ ಮಾತ್ರ ಹೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಂಗಡಿಯವನೇ ಕುಯ್ದು ಕೊಟ್ಟ ಒಂದು ಕಾಟ್ಲಾ ಮನೆಗೆ ಬಂತು. ತಲೆ ಸಣ್ಣದು, ಆದರೆ ಈ ಸಲ ಐಸಿನ ವಾಸನೆ ಇರಲಿಲ್ಲ.

ಅವ್ವ ಒಲೆಯ ಮುಂದೆ ಮಸಾಲೆ ಹುರಿಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದೆ. ಏರಿಯ ಸುದ್ದಿ ಆಗಲೇ ಅವಳಿಗೆ ತಲುಪಿತ್ತು. "ಎಂತಾ ಬಯಕ ಪಟ್ಟಿಯೇ ನೀನು! ಊರೆಲ್ಲ ನಗ್ತಾ ಅದ" ಎಂದು ನನ್ನನ್ನು ಬಯ್ಯುತ್ತಿದ್ದಳು. ಅಪ್ಪ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಅವ್ಳಲ್ಲ. ಬುಡಿ ಅಂದೋನ್ ನಾನು" ಅಂದ.

ಅವ್ವನ ಕೈ ನಿಂತಿತು. "ಯಾಕ?"

"ಆವತ್ತು ನಾನ್ ಕುಯ್ಸಿದ್ಕೇ ಆ ಕೂಸು..."

ಅವ್ವ ಬಾಣಲೆಯನ್ನು ಇಳಿಸಿದಳು.

"ನೀನಾ?" ಅಂದಳು. "ಆ ತಲ ಬೇಕು ಅಂತ ಅಟ ಮಾಡ್ದೋಳ್ ನಾನು. ತಿಂದೋಳ್ ನಾನು. ನನ್ ನಾಲ್ಗ ಚಪಲುಕ್ಕೇ ಕೂಸು ಓಯ್ತು ಅಂತ ನಾನ್ ಅನ್ಕಂಡಿದ್ರ, ನೀನ್ ಗಾಳ ಬುಟ್ಟದ್ದು ನನ್ ಮ್ಯಾಲ ಮುನ್ಸ್ಕಂಡು ಅಂತ ಅನ್ಕಂಡಿದ್ರ..."

ಅಪ್ಪ ಹೊಸ್ತಿಲ ಮೇಲೆ ಕೂತುಬಿಟ್ಟ. ಒಂದೇ ಮನೆಯಲ್ಲಿ ಇಷ್ಟು ವರ್ಷ ಇಬ್ಬರೂ ಒಂದೇ ಮೀನನ್ನು ಬೇರೆಬೇರೆಯಾಗಿ ಹೊತ್ತುಕೊಂಡು ತಿರುಗಿದ್ದರು. ಒಬ್ಬರನ್ನೊಬ್ಬರು ಒಂದು ಮಾತು ಕೇಳಿರಲಿಲ್ಲ. ಬಿ.ಪಿ.ಯ ವಿಷಯ ನಾನು ಮತ್ತೆ ಎತ್ತಲಿಲ್ಲ, ಅದು ಇಬ್ಬರಿಗೂ ಗೊತ್ತಿದ್ದದ್ದೇ. ಬೆಳ್ಳುಳ್ಳಿ ಬಿಡಿಸುತ್ತಲೇ ನಾನು ಅತ್ತುಬಿಟ್ಟೆ. ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಏಳು, ಒಲ ಆರೋಯ್ತದ, ಸೌದ ತಕ್ಕಬಾ" ಎಂದು ಅಪ್ಪನನ್ನು ಎಬ್ಬಿಸಿದಳು. ಅಪ್ಪ ಎದ್ದು ಸೌದೆ ತಂದ.

ಊಟಕ್ಕೆ ನಾಲ್ವರೂ ಒಟ್ಟಿಗೆ ಕೂತೆವು. ತಲೆ ನನ್ನ ತಟ್ಟೆಗೆ ಬಂತು, ದೊಡ್ಡ ತುಂಡು ಅಳಿಯನಿಗೆ. ಅವ್ವ ನಮಗೆಲ್ಲ ಎಷ್ಟು ರುಚಿಯಾಗಿ ಮೀನು ಮಾಡಿದರೂ ತಾನು ಬಾಯಿಗೆ ಇಡುತ್ತಿರಲಿಲ್ಲ. ಮುಳ್ಳೆಂದರೆ ಆಗುವುದಿಲ್ಲ ಅನ್ನುತ್ತಿದ್ದಳು, ನಾನು ನಂಬಿದ್ದೆ. ಆ ದಿನ ಅವಳು ತನ್ನ ಮುದ್ದೆಯ ಪಕ್ಕಕ್ಕೆ ಸಾರು ಬಿಟ್ಟುಕೊಂಡಳು. ಸ್ವಲ್ಪ ಹೊತ್ತು ಸೌಟನ್ನು ಪಾತ್ರೆಯಲ್ಲೇ ಆಡಿಸಿ, ಒಂದು ತುಂಡು ಎತ್ತಿ ತಟ್ಟೆಗೆ ಹಾಕಿಕೊಂಡಳು.

ನಾವು ಯಾರೂ ಅತ್ತ ನೋಡಲಿಲ್ಲ. ಅಪ್ಪ ಮಾತ್ರ ನೋಡಿದ.

"ಮುಳ್ ನೋಡ್ಕಂಡ್ ತಿನ್ನು" ಅಂದ.

ಅವ್ವ ನೋಡಿಕೊಂಡೇ ತಿಂದಳು.